ಜಾರುವ ಕ್ಲಚ್ಚಿನ ಗುರುತು



ಹಿಟ್ಟಿನ ಗಿರಣಿಯ ಬಾಗಿಲಲ್ಲಿ ರಾಗಿಯ ಚೀಲ ಹಿಡಿದು ನಿಂತವರಿಗೆ ಒಂದು ದೃಶ್ಯ ನೆನಪಿರಬಹುದು. ಅವಸರದ ಗಿರಾಕಿಯೊಬ್ಬನ ಒತ್ತಾಯಕ್ಕೆ ಗಿರಣಿಯವನು ಕಾಳನ್ನು ಒಮ್ಮೆಲೇ ಸುರಿದುಬಿಡುತ್ತಾನೆ. ಬೀಸುವ ಕಲ್ಲು ಭಾರಕ್ಕೆ ಮಂದವಾಗುತ್ತದೆ. ಮೋಟಾರು ಮಾತ್ರ ಮೊದಲಿನಂತೆಯೇ ಭೋರ್ಗರೆಯುತ್ತದೆ. ಎರಡರ ನಡುವಿನ ಬೆಲ್ಟು ಕಿರ್ರೆಂದು ಕೂಗಿ ಸುಟ್ಟ ವಾಸನೆ ಹೊರಡಿಸುತ್ತದೆ. ಗಿರಣಿಯವನು ಆಗ ಮೋಟಾರನ್ನು ಬಿಚ್ಚಿ ನೋಡಲು ಹೋಗುವುದಿಲ್ಲ. ದುಡಿಯತಕ್ಕದ್ದು ದುಡಿಯುತ್ತಲೇ ಇದೆ, ಆ ದುಡಿಮೆ ಕಲ್ಲಿಗೆ ಮುಟ್ಟುತ್ತಿಲ್ಲ ಎಂಬುದು ಅವನಿಗೆ ಗೊತ್ತು. ಬೆಲ್ಟಿಗೆ ಒಂದಿಷ್ಟು ರಾಳ ಸವರುತ್ತಾನೆ, ಇಲ್ಲವೆ ಅದನ್ನು ಬಿಗಿಮಾಡುತ್ತಾನೆ.

ಮೋಟಾರುಗಾಡಿಯಲ್ಲಿ ಈ ಬೇನೆಗೆ ಕ್ಲಚ್ಚು ಜಾರುವುದೆಂದು ಹೆಸರು. ಗಿರಣಿಯಲ್ಲಿ ಕಣ್ಣೆದುರಿಗೇ ನಡೆಯುವುದು ಗಾಡಿಯಲ್ಲಿ ಲೋಹದ ಗೂಡಿನೊಳಗೆ ಅಡಗಿ ನಡೆಯುತ್ತದೆ. ಆದುದರಿಂದಲೇ ಅದನ್ನು ಗುರುತಿಸುವುದರಲ್ಲಿ ವಿದ್ಯಾವಂತರೂ ಮೋಸಹೋಗುತ್ತಾರೆ. ಇದನ್ನು ನಾವು ಅನುಭವದಿಂದಲೇ ಹೇಳುತ್ತಿದ್ದೇವೆ. ಆ ಅನುಭವಕ್ಕೆ ತಕ್ಕ ಬೆಲೆಯನ್ನೂ ಕೊಟ್ಟಿದ್ದೇವೆ.

ನಡೆದದ್ದು ಹೀಗೆ. ನಮ್ಮದು ಹತ್ತು ವರ್ಷ ದುಡಿದ ಸಣ್ಣ ಪೆಟ್ರೋಲ್ ಕಾರು. ಒಂದು ಮಳೆಗಾಲದ ಕೊನೆಗೆ ಅದರ ಗೇರು ಬೀಳುವುದು ತುಸು ಬಿಗಿಯಾಯಿತು. ನಮ್ಮ ಊರಿನ ಗ್ಯಾರೇಜೊಂದರಲ್ಲಿ ತೋರಿಸಿದೆವು. ಹುಡುಗನೊಬ್ಬ ಐದು ನಿಮಿಷ ಬಾನೆಟ್ಟಿನೊಳಗೆ ಕೈಯಾಡಿಸಿ 'ಸರಿಹೋಯಿತು ಸಾರ್' ಎಂದ. ಗೇರೇನೋ ಬೆಣ್ಣೆಯಂತೆ ಬೀಳತೊಡಗಿತು. ಆದರೆ ತಿಂಗಳು ಕಳೆಯುವುದರೊಳಗೆ ಗಾಡಿ ಏರುದಾರಿಯಲ್ಲಿ ಸೋಲುತ್ತಿರುವಂತೆ ತೋರಿತು. ಅದೇ ಗ್ಯಾರೇಜಿಗೆ ಹೋಗಿ 'ಎಳೆತ ಸಾಲದು' ಎಂದೆವು. ಅವರು ಎಂಜಿನ್ನಿನ ಪ್ಲಗ್ಗುಗಳನ್ನೂ ಗಾಳಿಯ ಮತ್ತು ಪೆಟ್ರೋಲಿನ ಫಿಲ್ಟರುಗಳನ್ನೂ ಹೊಸದಾಗಿ ಹಾಕಿ ಲೆಕ್ಕದ ಚೀಟಿಯನ್ನು ಕೈಗಿತ್ತರು. ತಪ್ಪು ಅವರದಷ್ಟೇ ಅಲ್ಲ. ನಾವು ಹೇಳಿದ ಮಾತೇ ಅರ್ಧ ಮಾತು. ಗಾಡಿ ಎಳೆಯುವುದಿಲ್ಲವೆಂದು ಹೇಳಿದೆವೇ ಹೊರತು, ಆ ಹೊತ್ತಿನಲ್ಲಿ ಎಂಜಿನ್ನು ಏನು ಮಾಡುತ್ತಿತ್ತೆಂಬುದನ್ನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಮತ್ತೆ ಎರಡು ವಾರಕ್ಕೆ ಉಡುಪಿಯ ಕಡೆಯಿಂದ ತೀರ್ಥಹಳ್ಳಿಗೆ ಹೊರಟೆವು. ಹೆಬ್ರಿ ದಾಟಿ, ಸೋಮೇಶ್ವರ ಬಿಟ್ಟರೆ ಆಗುಂಬೆಯ ಘಟ್ಟ; ಹದಿನಾಲ್ಕು ಹೇರ್‌ಪಿನ್ ತಿರುವುಗಳೆಂದು ಪ್ರಸಿದ್ಧವಾದ ಏರು. ಗಾಡಿಯಲ್ಲಿ ಮನೆಯವರೂ ಎಂಬತ್ತು ಸಮೀಪಿಸಿದ ನಮ್ಮ ಅತ್ತೆಯವರೂ ಇದ್ದರು. ನಾಲ್ಕಾರು ತಿರುವು ಹತ್ತುವಷ್ಟರಲ್ಲಿ ಎಂಜಿನ್ನು ಕೂಗಾಡುವುದಕ್ಕೂ ಗಾಡಿ ತೆವಳುವುದಕ್ಕೂ ಹೊಂದಿಕೆಯೇ ತಪ್ಪಿತು. ಸುಟ್ಟ ವಾಸನೆ ಒಳಕ್ಕೆ ಬಂತು. ಮುಂದಿನ ತಿರುವಿನಲ್ಲಿ ಆಕ್ಸಿಲರೇಟರನ್ನು ನೆಲಕ್ಕೆ ತುಳಿದರೂ ಗಾಡಿ ನಿಂತೇಬಿಟ್ಟಿತು. ನಿಂತು, ಹಿಂದಕ್ಕೆ ಜರುಗಲು ಹವಣಿಸಿತು. ಹಿಂದೆ ಬಸ್ಸು, ಎಡಕ್ಕೆ ಕಣಿವೆ. ಹ್ಯಾಂಡ್‌ಬ್ರೇಕು ಎಳೆದು, ಮನೆಯವರು ಇಳಿದು ಚಕ್ರಕ್ಕೆ ಕಲ್ಲು ಕೊಡುವವರೆಗಿನ ಆ ಅರ್ಧ ನಿಮಿಷವನ್ನು ವರ್ಣಿಸಿ ಪ್ರಯೋಜನವಿಲ್ಲ.

ಮುಕ್ಕಾಲು ಗಂಟೆ ತಣಿಯಲು ಬಿಟ್ಟ ಮೇಲೆ ಗಾಡಿ ಏನೂ ಆಗದಂತೆ ಎದ್ದು ಹೊರಟಿತು! ಎರಡು ತಿರುವು ಹತ್ತಿ ಮತ್ತೆ ಸೋತಿತು. ಕಾದು ಕೆಟ್ಟ ಕ್ಲಚ್ಚು ಆರಿದಾಗ ಸ್ವಲ್ಪ ಚೇತರಿಸಿಕೊಳ್ಳುವುದುಂಟು. ಅದನ್ನು ನಂಬಿ ಮುಂದಿನ ಘಟ್ಟಕ್ಕೆ ಹೊರಡುವವರಿಗೆ ನಮ್ಮ ಗತಿಯೇ. ಕೊನೆಗೆ ಗಾಡಿಯನ್ನು ತಿರುಗಿಸಿ ಹೆಬ್ರಿಗೆ ಇಳಿದೆವು. ಇಳಿಯುವಾಗಲೂ ಒಂದು ಅಪಾಯವುಂಟೆಂಬುದನ್ನು ಆಗ ನಾವು ಯೋಚಿಸಿರಲಿಲ್ಲ. ಇಳಿಜಾರಿನಲ್ಲಿ ಕೆಳಗೇರು ಹಾಕಿ ಎಂಜಿನ್ನಿನಿಂದ ಗಾಡಿಯನ್ನು ತಡೆಯುತ್ತೇವಷ್ಟೆ. ಆ ತಡೆಯೂ ಕ್ಲಚ್ಚಿನ ಮೂಲಕವೇ ಬರಬೇಕು. ಅದು ಜಾರಿದರೆ ಭಾರವೆಲ್ಲ ಬ್ರೇಕುಗಳ ಮೇಲೆ ಬೀಳುತ್ತದೆ.

ಕ್ಲಚ್ಚೆಂದರೆ ಏನೆಂಬುದನ್ನು ಈಗ ಎರಡು ಮಾತಿನಲ್ಲಿ ಹೇಳಬೇಕು. ಬಾನುಲಿಯಲ್ಲಿ ಚಿತ್ರ ತೋರಿಸುವಂತಿಲ್ಲ. ನಿಮ್ಮ ಎರಡು ಅಂಗೈಗಳ ನಡುವೆ ಒಂದು ನಾಣ್ಯವನ್ನಿಟ್ಟು ಗಟ್ಟಿಯಾಗಿ ಒತ್ತಿಹಿಡಿಯಿರಿ. ಇನ್ನೊಬ್ಬರು ಅದನ್ನು ತಿರುಗಿಸಲು ನೋಡಿದರೆ ನಿಮ್ಮ ಕೈಯೂ ಜೊತೆಗೇ ತಿರುಗಬೇಕಾಗುತ್ತದೆ. ಅಂಗೈಯನ್ನು ಸಡಿಲಿಸಿದರೆ, ಇಲ್ಲವೆ ಅದಕ್ಕೆ ಎಣ್ಣೆ ಸವರಿದರೆ, ನಾಣ್ಯ ಜಾರುತ್ತದೆ. ಗಾಡಿಯಲ್ಲಿ ಒಂದು ಅಂಗೈ ಎಂಜಿನ್ನಿನ ಕೊನೆಯಲ್ಲಿ ತಿರುಗುವ ಭಾರವಾದ ಫ್ಲೈವೀಲು. ಇನ್ನೊಂದು ಅಂಗೈ ಸ್ಪ್ರಿಂಗಿನ ಬಲದಿಂದ ಒತ್ತುವ ಪ್ರೆಷರ್ ಪ್ಲೇಟು. ನಡುವಿನ ನಾಣ್ಯವೇ ಕ್ಲಚ್ ಪ್ಲೇಟು. ಸಣ್ಣ ಕಾರುಗಳಲ್ಲಿ ಅದು ಸುಮಾರು 18 ರಿಂದ 20 ಸೆಂಟಿಮೀಟರ್ ಅಡ್ಡಳತೆಯ ತಟ್ಟೆ. ಎರಡು ಮುಖಕ್ಕೂ ಘರ್ಷಣೆಯ ಲೈನಿಂಗು ಹಚ್ಚಿರುತ್ತದೆ. ಈ ತಟ್ಟೆ ತಿರುಗಿದಂತೆ ಗೇರುಪೆಟ್ಟಿಗೆ ತಿರುಗುತ್ತದೆ. ಎಡಗಾಲಿನ ಪೆಡಲನ್ನು ತುಳಿದರೆ ಒಂದು ಬೇರಿಂಗು ಹೋಗಿ ಸ್ಪ್ರಿಂಗಿನ ಬೆರಳುಗಳನ್ನು ಒತ್ತಿ ಹಿಡಿತವನ್ನು ಸಡಿಲಿಸುತ್ತದೆ. ಗಮನಿಸಿ: ಕಾಲು ತುಳಿಯುವುದು ಬಿಡಿಸುವುದಕ್ಕೆ, ಹಿಡಿಯುವುದು ಸ್ಪ್ರಿಂಗೇ. ಪೆಡಲಿನ ಮೇಲೆ ಕಾಲನ್ನು ಸುಮ್ಮನೆ ಊರಿಕೊಂಡೇ ಓಡಿಸುವ ಮಹನೀಯರು ಈ ಒಂದು ಮಾತನ್ನು ನೆನಪಿಟ್ಟರೆ ಸಾಕು.

ಜಾರಿದಾಗ ಹುಟ್ಟುವ ಬೇಗೆ ಎಷ್ಟೆಂದು ತಿಳಿದರೆ ಆ ಸುಟ್ಟ ವಾಸನೆ ಆಶ್ಚರ್ಯವೆನಿಸುವುದಿಲ್ಲ. ಎಂಜಿನ್ನು 100 ನ್ಯೂಟನ್ ಮೀಟರಿನ ತಿರುಚುಬಲವನ್ನು ಕೊಡುತ್ತಿದ್ದು, ಫ್ಲೈವೀಲು ತಟ್ಟೆಗಿಂತ ನಿಮಿಷಕ್ಕೆ 500 ಸುತ್ತು ಹೆಚ್ಚಾಗಿ ತಿರುಗುತ್ತಿದ್ದರೆ, ಅಲ್ಲಿ ಸುಮಾರು 5 ಕಿಲೋವಾಟ್ ಶಕ್ತಿ ಬರಿಯ ಶಾಖವಾಗಿ ಹೋಗುತ್ತದೆ. ಒಂದೊಂದು ಕಿಲೋವಾಟಿನ ಐದು ವಿದ್ಯುತ್ ಒಲೆಗಳನ್ನು ಒಂದು ಊಟದ ತಟ್ಟೆಯ ಅಗಲದಲ್ಲಿ ಹೊತ್ತಿಸಿಟ್ಟಂತೆ. ಲೈನಿಂಗಿನ ಅಂಟು ಕರಗಿ, ಮುಖ ಗಾಜಿನಂತೆ ನುಣುಪಾಗುತ್ತದೆ. ನುಣುಪಾದದ್ದು ಇನ್ನಷ್ಟು ಜಾರುತ್ತದೆ. ಆದುದರಿಂದ ಈ ರೋಗ ನಿಧಾನವಾಗಿ ಮೊದಲಾಗಿ ಕೊನೆಗೆ ಕ್ಷಿಪ್ರವಾಗಿ ಬೆಳೆಯುತ್ತದೆ. ಮೊದಲ ಗುರುತು ಕಂಡಾಗಲೇ ಹಿಡಿಯಬೇಕೆನ್ನುವುದಕ್ಕೆ ಕಾರಣ ಇದೇ.

ಆ ಮೊದಲ ಗುರುತು ಯಾವುದು? ವಾಸನೆಯಲ್ಲ, ಅದು ಬರುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಗುರುತು ನಿಮ್ಮ ಕಣ್ಣೆದುರಿನ ಎರಡು ಮುಳ್ಳುಗಳಲ್ಲಿದೆ. ಒಂದು ಗಾಡಿಯ ವೇಗವನ್ನೂ, ಇನ್ನೊಂದು ಎಂಜಿನ್ನಿನ ಸುತ್ತನ್ನೂ ತೋರಿಸುತ್ತದೆ. ಗೇರು ಒಂದೇ ಆಗಿದ್ದು ಪೆಡಲು ಪೂರ್ತಿ ಬಿಟ್ಟಿರುವಾಗ ಇವೆರಡೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಲೆಕ್ಕ ನೋಡಿ. ಗಂಟೆಗೆ 60 ಕಿಲೋಮೀಟರೆಂದರೆ ನಿಮಿಷಕ್ಕೆ 1000 ಮೀಟರು. ಚಕ್ರದ ಸುತ್ತಳತೆ 1.95 ಮೀಟರಾದರೆ ಅದು ನಿಮಿಷಕ್ಕೆ ಸುಮಾರು 513 ಸಲ ಉರುಳುತ್ತದೆ. ನಾಲ್ಕನೆಯ ಗೇರಿನಲ್ಲಿ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ನು ನಾಲ್ಕು ಸುತ್ತಬೇಕೆಂದಿಟ್ಟುಕೊಂಡರೆ ಮುಳ್ಳು 2050ರ ಆಸುಪಾಸಿನಲ್ಲಿ ನಿಲ್ಲಬೇಕು. ರಸ್ತೆ ಏರಿರಲಿ, ಇಳಿದಿರಲಿ, ಗಾಡಿಯಲ್ಲಿ ಒಬ್ಬರಿರಲಿ, ಐವರಿರಲಿ, ಆ ಗೇರಿನಲ್ಲಿ 60ಕ್ಕೆ ಅಷ್ಟೇ ಸುತ್ತು. ಚಪ್ಪಟೆ ರಸ್ತೆಯಲ್ಲಿ 2050 ತೋರಿದ ಮುಳ್ಳು ಏರಿನಲ್ಲಿ ಅದೇ ಗೇರು ಅದೇ ವೇಗಕ್ಕೆ 2500 ತೋರಿಸಿದರೆ, ಆ ಹೆಚ್ಚಿನ 450 ಸುತ್ತು ಎಲ್ಲಿ ಹೋಯಿತು? ಕ್ಲಚ್ಚಿನಲ್ಲಿ. ಬೇರೆ ದಾರಿಯೇ ಇಲ್ಲ. ನಿಮ್ಮ ನಿಮ್ಮ ಗಾಡಿ ಚೆನ್ನಾಗಿರುವಾಗಲೇ ಮೇಲಿನ ಎರಡು ಗೇರುಗಳಲ್ಲಿ 60ಕ್ಕೆ ಎಷ್ಟು ಸುತ್ತೆಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬಹುದು. ಇದಕ್ಕೆ ಖರ್ಚಿಲ್ಲ.

ಜಾರುವಿಕೆಯನ್ನು ಬೇಕೆಂದೇ ಹೊರಗೆಡಹುವುದಕ್ಕೆ ರಸ್ತೆಯ ಪರೀಕ್ಷೆಯೊಂದಿದೆ. ಎಂಜಿನ್ನು ಚೆನ್ನಾಗಿ ಕಾದಿರಬೇಕು. ರಸ್ತೆ ನೇರವಾಗಿ, ಖಾಲಿಯಾಗಿ, ತುಸು ಏರಾಗಿದ್ದರೆ ಒಳ್ಳೆಯದು. ನಾಲ್ಕನೆಯ ಗೇರಿನಲ್ಲಿ 45–50 ಕಿಲೋಮೀಟರ್ ವೇಗದಲ್ಲಿ ಹೋಗುತ್ತ ಆಕ್ಸಿಲರೇಟರನ್ನು ಪೂರ್ತಿ ತುಳಿಯಿರಿ. ಕ್ಲಚ್ಚು ಆರೋಗ್ಯವಾಗಿದ್ದರೆ ಎಂಜಿನ್ನು ಗೊಣಗುತ್ತ, ಎರಡು ಮುಳ್ಳುಗಳೂ ಕೂಡಿಯೇ ನಿಧಾನವಾಗಿ ಏರುತ್ತವೆ. ಜಾರುವುದಾದರೆ ಸುತ್ತಿನ ಮುಳ್ಳು ಒಮ್ಮೆಲೇ ಹಾರಿ, ವೇಗದ ಮುಳ್ಳು ಇದ್ದಲ್ಲೇ ಇರುತ್ತದೆ. ಕಾಲನ್ನು ಹಿಂದೆಗೆದರೆ ಸುತ್ತು ಇಳಿದು ಮತ್ತೆ ಜೊತೆಗೂಡುತ್ತದೆ. 1983ರಲ್ಲಿ ಬಂದ ಮಾರುತಿ 800ರಂತಹ ಹಳೆಯ ಸಣ್ಣ ಗಾಡಿಗಳಲ್ಲಿ ಬಹುಮಟ್ಟಿಗೆ ಸುತ್ತಿನ ಮುಳ್ಳೇ ಇರಲಿಲ್ಲ. ಅಲ್ಲಿ ಕಿವಿಯೇ ಮುಳ್ಳು. ದನಿ ಏರಿ ವೇಗ ಏರದಿದ್ದರೆ ಅರ್ಥ ಅದೇ.

ಮೇಲಿನ ಗೇರೇ ಏಕೆಂದು ಕೇಳಬಹುದು. ಮೊದಲನೆಯ ಗೇರಿನಲ್ಲಿ ಗಾಡಿ ಸುಲಭವಾಗಿ ಮುಂದಕ್ಕೆ ಹಾರುವುದರಿಂದ ಎಂಜಿನ್ನಿನ ಸುತ್ತು ಬೇಗ ಏರುವುದು ಸಹಜ. ಸಹಜವಾದ ಏರಿಕೆಯಲ್ಲಿ ಜಾರಿಕೆ ಮುಚ್ಚಿಹೋಗುತ್ತದೆ. ಮೇಲಿನ ಗೇರಿನಲ್ಲಿ ಗಾಡಿ ಮಿಸುಕಲೊಲ್ಲದು. ಆಗ ಎಂಜಿನ್ನಿನ ಬಲವೆಲ್ಲ ತಟ್ಟೆಯ ಹಿಡಿತವನ್ನು ಪರೀಕ್ಷಿಸುತ್ತದೆ. ಎಂಜಿನ್ನು ಅತ್ಯಂತ ಬಲವಾಗಿ ತಿರುಚುವ ಸುತ್ತಿನಲ್ಲಿಯೇ ಮೊದಲ ಜಾರಿಕೆ ಕಾಣುತ್ತದೆ; ಟರ್ಬೊ ಇರುವ ಡೀಸೆಲ್ ಗಾಡಿಗಳಲ್ಲಿ ಟರ್ಬೊ ಎದ್ದು ಬಲ ಕೊಡುವ ಕ್ಷಣವೇ ಅದು.

ಗ್ಯಾರೇಜುಗಳಲ್ಲಿ ಮಾಡುವ ಇನ್ನೊಂದು ಪರೀಕ್ಷೆ ನಿಂತಲ್ಲಿಯದು. ಸಮನೆಲದಲ್ಲಿ, ಮುಂದೆ ಯಾರೂ ಇಲ್ಲದ ಕಡೆ, ಹ್ಯಾಂಡ್‌ಬ್ರೇಕನ್ನು ಬಲವಾಗಿ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಮೂರನೆಯ ಅಥವಾ ನಾಲ್ಕನೆಯ ಗೇರು ಹಾಕಿ, ಎಂಜಿನ್ನಿಗೆ ತುಸು ವೇಗ ಕೊಟ್ಟು ಪೆಡಲನ್ನು ಮೆಲ್ಲಗೆ ಬಿಡುವುದು. ಎಂಜಿನ್ನು ಗದಗುಟ್ಟಿ ನಿಂತುಹೋದರೆ ಹಿಡಿತವಿದೆ. ಗಾಡಿ ಕದಲದೆ ಎಂಜಿನ್ನು ಓಡುತ್ತಲೇ ಇದ್ದರೆ ಕ್ಲಚ್ಚು ಪೂರ್ತಿ ಸೋತಿದೆ. ಎರಡು ಮೂರು ಸೆಕೆಂಡುಗಳಿಗಿಂತ ಹೆಚ್ಚು ಇದನ್ನು ಮಾಡಕೂಡದು, ಪದೇ ಪದೇ ಮಾಡಲೇಕೂಡದು. ಪರೀಕ್ಷೆಯೇ ರೋಗವನ್ನು ಬೆಳಸುತ್ತದೆ. ಈ ಪರೀಕ್ಷೆಯನ್ನು ಜನ ಅತಿಯಾಗಿ ನಂಬುತ್ತಾರೆಂದು ನಮ್ಮ ಅಭಿಪ್ರಾಯ. ಎಂಜಿನ್ನು ಮಂದಗತಿಯಲ್ಲಿದ್ದಾಗ ಅದರ ಬಲವೇ ಅಲ್ಪ. ಅಷ್ಟನ್ನು ಹಿಡಿದು ನಿಲ್ಲಿಸಿದ ತಟ್ಟೆ ಘಟ್ಟದಲ್ಲಿ ಪೂರ್ಣ ಬಲವನ್ನು ಹಿಡಿದೀತೆಂಬ ಭರವಸೆಯಿಲ್ಲ. ಇದರಲ್ಲಿ ಸೋತದ್ದು ಸೋತದ್ದೇ. ಗೆದ್ದದ್ದು ಮಾತ್ರ ಗೆದ್ದಂತಲ್ಲ. ರಸ್ತೆಯ ಪರೀಕ್ಷೆಯೇ ಮೇಲು.

ಜಾರುವಿಕೆಯ ವೇಷ ಹಾಕಿಕೊಂಡು ಬರುವ ಬೇರೆ ದೋಷಗಳೂ ಉಂಟು. ಫಿಲ್ಟರು ಕಟ್ಟಿಕೊಂಡಿದ್ದರೆ, ಪ್ಲಗ್ಗು ಕೆಟ್ಟಿದ್ದರೆ ಗಾಡಿ ಎಳೆಯುವುದಿಲ್ಲ. ಆದರೆ ಆಗ ಎಂಜಿನ್ನಿನ ಸುತ್ತೂ ಏರುವುದಿಲ್ಲ. ಎರಡು ಮುಳ್ಳುಗಳೂ ಒಟ್ಟಿಗೇ ಸೋಲುತ್ತವೆ. ನಮ್ಮ ಗಾಡಿಗೆ ಹೊಸ ಪ್ಲಗ್ಗು ಹಾಕುವ ಮುನ್ನ ಇಷ್ಟನ್ನು ನೋಡಿದ್ದರೆ ಸಾಕಾಗಿತ್ತು. ಬ್ರೇಕು ಹಿಡಿದುಕೊಂಡೇ ಇದ್ದರೂ ಗಾಡಿ ಮಂದವಾಗಿ ವಾಸನೆ ಬರುತ್ತದೆ. ಆಗ ಒಂದು ಚಕ್ರ ಉಳಿದವಕ್ಕಿಂತ ಹೆಚ್ಚು ಬಿಸಿಯಾಗಿರುತ್ತದೆ, ನ್ಯೂಟ್ರಲ್‌ನಲ್ಲಿ ತಳ್ಳಿದರೆ ಗಾಡಿ ಸರಾಗವಾಗಿ ಉರುಳುವುದಿಲ್ಲ. ಕೆಸರಿನಲ್ಲಿ ಚಕ್ರ ಸುಮ್ಮನೆ ಸುತ್ತುವುದು ಹೊರಗಿನಿಂದಲೇ ಕಾಣುತ್ತದೆ. ಗೇರು ಬೀಳುವಾಗ ಕರಕರ ಎನ್ನುವುದು ಜಾರಿಕೆಯ ಗುರುತಲ್ಲ. ಅದಕ್ಕೆ ವಿರುದ್ಧವಾದ ದೋಷ, ಎಂದರೆ ಪೆಡಲು ತುಳಿದರೂ ಕ್ಲಚ್ಚು ಪೂರ್ತಿ ಬಿಡದಿರುವುದು.

ಈ ಎರಡು ವಿರುದ್ಧ ದೋಷಗಳ ನಡುವೆಯೇ ನಮ್ಮ ಗಾಡಿಯ ಕಥೆಯ ಗಂಟು ಇದ್ದದ್ದು. ಹೆಬ್ರಿಯಲ್ಲಿ ವಯಸ್ಸಾದ ಮೆಕ್ಯಾನಿಕರೊಬ್ಬರು ಸಿಕ್ಕರು. ಅವರು ಮೊದಲು ಬಾನೆಟ್ಟು ತೆರೆಯಲಿಲ್ಲ. ಚಾಲಕನ ಕಾಲಡಿಯ ಚಾಪೆಯನ್ನು ಎಳೆದು ಹೊರಗೆಸೆದರು. ಮಡಿಸಿದ ಚಾಪೆ ಪೆಡಲಿಗೆ ತಾಗಿ ಅದನ್ನು ಪೂರ್ತಿ ಬಾರದಂತೆ ತಡೆಯುವುದುಂಟಂತೆ. ಆಮೇಲೆ ಮೊಣಕಾಲೂರಿ ಕೂತು ಪೆಡಲನ್ನು ಒಂದು ಬೆರಳಿನಿಂದ ಒತ್ತಿದರು.

'ಇದಕ್ಕೆ ಆಟವೇ ಇಲ್ಲವಲ್ಲ ಮಾರಾಯ್ರೆ, ಕೇಬಲ್ಲು ಯಾರು ಬಿಗಿ ಮಾಡಿದ್ದು?' ಎಂದರು.

ಗೇರು ಸರಿಮಾಡಿಸಿದ್ದನ್ನು ಹೇಳಿದೆವು.

'ಗೇರು ಬೀಳ್ಲಿ ಅಂತ ಹೇಳಿ ಕ್ಲಚ್ಚನ್ನೇ ಸುಟ್ಟಿದ್ದಾರೆ. ಎಂಜಿನ್ನು ಚೆನ್ನಾಗೇ ಉಂಟು' ಎಂದು ಕೈ ಒರೆಸಿಕೊಂಡರು.

ಆಟವೆಂದರೆ ಪೆಡಲನ್ನು ಒತ್ತತೊಡಗಿದಾಗ ಮೊದಲು ಯಾವ ಭಾರವೂ ತಾಗದೆ ಸಾಗುವ ಒಂದಿಷ್ಟು ದೂರ. ಕೇಬಲ್ಲಿನ ಗಾಡಿಗಳಲ್ಲಿ ಅದು ಬಹುಮಟ್ಟಿಗೆ ಒಂದೆರಡು ಸೆಂಟಿಮೀಟರು. ಸರಿಯಾದ ಅಳತೆ ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ಆ ಆಟವಿದ್ದರೆ ಬೇರಿಂಗು ಸ್ಪ್ರಿಂಗಿನ ಬೆರಳುಗಳಿಂದ ದೂರವಿದೆಯೆಂದು ಅರ್ಥ. ಅದು ಶೂನ್ಯವಾದರೆ, ಯಾರೂ ತುಳಿಯದಿದ್ದರೂ ಪೆಡಲನ್ನು ಸದಾ ತುಸು ತುಳಿದಿಟ್ಟಂತೆ. ಲೈನಿಂಗು ಸವೆದಂತೆಲ್ಲ ಈ ಆಟ ತಾನಾಗಿಯೇ ಕಡಿಮೆಯಾಗುತ್ತ ಬರುತ್ತದೆ. ಆಗ ಕೇಬಲ್ಲಿನ ತುದಿಯ ನಟ್ಟನ್ನು ಸಡಿಲಿಸಿ ಸರಿಪಡಿಸಬೇಕು. ನಮ್ಮಲ್ಲಿ ಹತ್ತು ವರ್ಷದ ಸವೆತದ ಮೇಲೆ ಬಿಗಿಯೂ ಸೇರಿತು. ಮೆಕ್ಯಾನಿಕರು ನಟ್ಟನ್ನು ಕೆಲವು ಸುತ್ತು ತಿರುಗಿಸಿ ಆಟ ಕೊಟ್ಟರು. ಎರಡು ನಿಮಿಷದ ಕೆಲಸ. ಆರು ವಾರ ಮೊದಲು ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಈಗ ತಟ್ಟೆ ಸುಟ್ಟುಹೋಗಿತ್ತು, ಗೇರುಪೆಟ್ಟಿಗೆಯನ್ನು ಇಳಿಸಲೇಬೇಕಾಯಿತು. ಆ ರಾತ್ರಿ ಹೆಬ್ರಿಯಲ್ಲಿಯೇ ತಂಗಿದೆವು.

ಎಣ್ಣೆಯ ಒತ್ತಡದಿಂದ ನಡೆಯುವ ಕ್ಲಚ್ಚುಗಳಲ್ಲಿ ಈ ನಟ್ಟು ಸಾಮಾನ್ಯವಾಗಿ ಇರುವುದಿಲ್ಲ; ಸವೆತವನ್ನು ಅವು ತಾವೇ ಸರಿದೂಗಿಸಿಕೊಳ್ಳುತ್ತವೆ. ಆದುದರಿಂದ ಪೆಡಲು ಎಂದಿನಂತಿದೆ, ಕ್ಲಚ್ಚು ಚೆನ್ನಾಗಿದೆ ಎಂದು ಅಲ್ಲಿ ನಂಬುವಂತಿಲ್ಲ.

ಲೈನಿಂಗಿಗೆ ಎಣ್ಣೆ ತಾಗಿಯೂ ಕ್ಲಚ್ಚು ಜಾರುತ್ತದೆ. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲು ಅಥವಾ ಗೇರುಪೆಟ್ಟಿಗೆಯ ಮುಂಬದಿಯ ಸೀಲು ಸೋರಿದರೆ ಆ ಎಣ್ಣೆ ನೇರವಾಗಿ ತಟ್ಟೆಗೆ ಬಂದು ಬೀಳುತ್ತದೆ. ಗಾಡಿ ಹೊರಡುವಾಗ ನಡುಗುವುದು, ಎಂಜಿನ್ನೂ ಗೇರುಪೆಟ್ಟಿಗೆಯೂ ಕೂಡುವ ಕಡೆ ಕೆಳಗೆ ಜಿಡ್ಡು ಕಾಣುವುದು, ಇವು ಅದರ ಸೂಚನೆ. ಸೀಲನ್ನು ಬಿಟ್ಟು ತಟ್ಟೆಯನ್ನು ಮಾತ್ರ ಬದಲಿಸಿದರೆ ಹೊಸ ತಟ್ಟೆಯೂ ಅದೇ ಹಾದಿ ಹಿಡಿಯುತ್ತದೆ. ಮೋಟಾರುಗಾಡಿಯ ಬಾಲ್ಯದಲ್ಲಿ, ಕ್ಲಚ್ಚಿಗೆ ಚರ್ಮ ಹೊದಿಸುತ್ತಿದ್ದಾಗ, ಅದು ಜಾರಿದರೆ ಚಾಲಕರು ಫುಲ್ಲರ್ಸ್ ಅರ್ತ್ ಎಂಬ ಮಣ್ಣನ್ನು ಎರಚುತ್ತಿದ್ದರು. ನಮ್ಮ ಹೆಂಗಸರು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಯದೇ. ಈಗಿನ ಲೈನಿಂಗಿಗೆ ಅಂತಹ ಲೇಪನಗಳು ಯಾವುವೂ ನಡೆಯವು. ಎಣ್ಣೆ ಕುಡಿದ ತಟ್ಟೆಯನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುತ್ತೇವೆನ್ನುವವರ ಮಾತಿಗೆ ಒಪ್ಪಬೇಡಿ.

ಗೇರುಪೆಟ್ಟಿಗೆ ಇಳಿದಾಗ ಸಾಧ್ಯವಾದರೆ ಎದುರಿಗೇ ನಿಲ್ಲಿ, ಹಳೆಯ ತಟ್ಟೆಯನ್ನು ಕೇಳಿ ನೋಡಿ. ರಿವೆಟ್ಟಿನ ತಲೆಗಳ ಮಟ್ಟಕ್ಕೆ ಸವೆದಿದೆಯೆ, ಕಪ್ಪಾಗಿ ಹೊಳೆಯುತ್ತಿದೆಯೆ, ಎಣ್ಣೆಯಿಂದ ನೆನೆದಿದೆಯೆ ಎಂಬುದು ಬರಿಗಣ್ಣಿಗೇ ಕಾಣುತ್ತದೆ. ಸವೆತಕ್ಕೂ ಸುಡುವಿಕೆಗೂ ಎಣ್ಣೆಗೂ ಕಾರಣಗಳು ಬೇರೆಬೇರೆ. ಆ ಕಾರಣ ನಿಲ್ಲದೆ ಬಿಲ್ಲು ಕೊಡಬೇಡಿ. ಫ್ಲೈವೀಲಿನ ಮುಖದಲ್ಲಿ ನೀಲಿ ಕಲೆಗಳಿದ್ದರೆ, ಬಿರುಕುಗಳಿದ್ದರೆ ಅದನ್ನೂ ಸರಿಪಡಿಸಬೇಕು. ತಟ್ಟೆ, ಪ್ರೆಷರ್ ಪ್ಲೇಟು, ಬೇರಿಂಗು ಮೂರನ್ನೂ ಒಟ್ಟಿಗೆ ಬದಲಿಸುವುದು ದುಂದಲ್ಲ. ಗೇರುಪೆಟ್ಟಿಗೆಯನ್ನು ಇಳಿಸಿ ಏರಿಸುವ ಕೂಲಿಯೇ ಇದರಲ್ಲಿ ದೊಡ್ಡ ಪಾಲು. ಗೂಡಿನಲ್ಲಿ ಕೂತ ಧೂಳನ್ನು ಬಾಯಿಂದಾಗಲಿ ಗಾಳಿಯ ಕೊಳವೆಯಿಂದಾಗಲಿ ಊದಿಸಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರಸಬೇಕು.

ಇನ್ನು ಎಡಗಾಲಿನ ವಿಷಯ. ಪೇಟೆಯ ಸಿಗ್ನಲ್ಲಿನ ಏರಿನಲ್ಲಿ ಬ್ರೇಕು ಹಿಡಿಯದೆ ಅರ್ಧ ಕ್ಲಚ್ಚಿನಲ್ಲಿ ಗಾಡಿಯನ್ನು ತೂಗಿ ನಿಲ್ಲಿಸುವುದು ಜಾಣತನವೆಂದು ಅನೇಕರ ಭಾವನೆ. ನಮಗೂ ಆ ಜಾಣತನವಿತ್ತು. ಅಷ್ಟು ಹೊತ್ತೂ ಒಳಗೆ ಒಲೆ ಉರಿಯುತ್ತಿರುತ್ತದೆ. ಈಗ ಹ್ಯಾಂಡ್‌ಬ್ರೇಕು ಎಳೆದು, ಗೇರು ತೆಗೆದು, ಕಾಲನ್ನು ಪೆಡಲಿನಿಂದ ಪಕ್ಕಕ್ಕಿಟ್ಟು ಕಾಯುತ್ತೇವೆ. ಹಿಂದಿನ ಗಾಡಿಯವರು ಹಾರನ್ನು ಬಾರಿಸಿದರೆ ಬಾರಿಸಲಿ. ಹೊಸ ತಟ್ಟೆ ಹಾಕಿಸಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರು ಭಾರ ಹೇರದೆ, ಘಟ್ಟ ಹತ್ತದೆ ಓಡಿಸಿ ಅದರ ಮುಖ ಫ್ಲೈವೀಲಿಗೆ ಹೊಂದಿಕೊಳ್ಳಲು ಬಿಡಬೇಕೆಂದು ಹೆಬ್ರಿಯ ಮೆಕ್ಯಾನಿಕರು ಹೇಳಿದ್ದರು. ಆದುದರಿಂದ ನಮ್ಮ ಅತ್ತೆಯವರನ್ನು ಮರುದಿನ ಬಸ್ಸಿನಲ್ಲಿಯೇ ತೀರ್ಥಹಳ್ಳಿಗೆ ಕಳುಹಿಸಿದೆವು.